ನಗು ಯಾರದು?

ಕನ್ನಡದಲ್ಲಿ ಮುಖವನ್ನು ಕುರಿತ ಮಾತುಗಳು ಹೇರಳವಾಗಿವೆ. ಸಿಟ್ಟು ಬಂದವನು ಮುಖ ಗಂಟಿಕ್ಕುತ್ತಾನೆ. ಮುನಿಸಿಕೊಂಡವನು ಮುಖ ಊದಿಸಿಕೊಳ್ಳುತ್ತಾನೆ. ಕಹಿ ಕಷಾಯ ಕುಡಿದವನು ಮುಖ ಸಿಂಡರಿಸುತ್ತಾನೆ. ಸಾಲ ತೀರಿಸದವನು ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ. ಎದುರಿಗೆ ಬಂದು ಕೇಳಿದವನಿಗೆ ಇಲ್ಲವೆನ್ನಲಾರದ ಸಂಕೋಚಕ್ಕೆ ಮುಖದಾಕ್ಷಿಣ್ಯವೆಂದು ಹೆಸರು. ನಾಲ್ಕು ಜನರ ನಡುವೆ ಆದ ಅವಮಾನ ಮುಖಭಂಗ. ಈ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಬುಡದಲ್ಲಿ ಒಂದೇ ನಂಬಿಕೆ ಇರುವುದು ಕಾಣುತ್ತದೆ: ಮನಸ್ಸು ಒಳಗೆ, ಮುಖ ಹೊರಗೆ; ಒಳಗಿನದನ್ನು ಹೊರಗಿನದು ತೋರಿಸುತ್ತದೆ. ನಾವು ಪರರನ್ನು ನಂಬುವುದೂ ಶಂಕಿಸುವುದೂ ಬಹುಮಟ್ಟಿಗೆ ಈ ಆಧಾರದ ಮೇಲೆಯೇ.

ಈ ನಂಬಿಕೆ ಎಷ್ಟು ಗಟ್ಟಿಯಾದುದು ಎಂಬುದು ಸಾಮಾನ್ಯ ದಿನಗಳಲ್ಲಿ ಪರೀಕ್ಷೆಗೆ ಬರುವುದಿಲ್ಲ. ಮುಖವು ಹೇಳಿದಂತೆ ಕೇಳುವವರೆಗೆ ಅದೊಂದು ಇದೆಯೆಂಬುದೇ ನಮ್ಮ ಗಮನಕ್ಕೆ ಬಾರದು. ಅದು ಕೇಳದೆ ಹೋಗುವ ಕಾಲವೂ ಉಂಟು. ರಾತ್ರಿ ಚೆನ್ನಾಗಿಯೇ ಮಲಗಿದವನು ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ತುಟಿಯ ಒಂದು ಮೂಲೆಯಿಂದ ತಾನಾಗಿ ಸೋರಿಹೋಗುತ್ತದೆ. ಒಂದು ಕಣ್ಣು ಮುಚ್ಚುವುದಿಲ್ಲ. ತಿಂದ ಅನ್ನ ಕೆನ್ನೆಯ ಸಂದಿಯಲ್ಲಿ ಉಳಿಯುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ಮುಖ ತನ್ನದು, ಇನ್ನರ್ಧ ಯಾರದೋ! ನಮ್ಮ ಹಿರಿಯರು ಇದನ್ನು ವಾಯು ಬಡಿಯಿತೆಂದರು, ಲಕ್ವ ಹೊಡೆಯಿತೆಂದರು. ಆಯುರ್ವೇದದಲ್ಲಿ ಇದಕ್ಕೆ ಅರ್ದಿತವೆಂಬ ಹೆಸರಿದೆ. ಇಂದಿನ ವೈದ್ಯರು ಇದರ ಅತಿ ಸಾಮಾನ್ಯವಾದ ರೂಪವನ್ನು ಬೆಲ್ಸ್ ಪಾಲ್ಸಿ ಎಂದು ಕರೆಯುತ್ತಾರೆ. ಆ ಬೆಲ್ ಎಂಬಾತ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಸರ್ ಚಾರ್ಲ್ಸ್ ಬೆಲ್. 1806ರಲ್ಲಿ ಆತ ಚಿತ್ರಕಾರರಿಗೆ ಉಪಯೋಗವಾಗಲೆಂದು ಮುಖದ ಭಾವಗಳ ಅಂಗರಚನೆಯ ಮೇಲೆ ಪುಸ್ತಕ ಬರೆದ. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಮೇಲೆ ಪ್ರಬಂಧ ಮಂಡಿಸಿದ. ಮುಖದ ಸೊಬಗನ್ನು ಕುರಿತು ಬರೆದವನ ಹೆಸರೇ ಮುಖದ ಸೊಟ್ಟಿಗೂ ಅಂಟಿಕೊಂಡಿತು.

ಕಾರಣ ಸಣ್ಣದು. ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವು ಕಿವಿಯ ಹಿಂದಿನ ಎಲುಬಿನೊಳಗೆ ಒಂದು ಕಿರಿದಾದ ಓಣಿಯಲ್ಲಿ ಹಾದು ಬರುತ್ತದೆ. ಆ ಓಣಿಯಲ್ಲಿ ನರ ಊದಿಕೊಂಡರೆ ಅದಕ್ಕೆ ಉಸಿರಾಡಲು ಜಾಗವಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 20ರಿಂದ 30 ಮಂದಿಗೆ ಹೀಗಾಗುತ್ತದೆ. ಮಿದುಳಿನ ಆಘಾತದಿಂದಲೂ ಬಾಯಿ ಸೊಟ್ಟಗಾಗುವುದುಂಟಾದ್ದರಿಂದ ಯಾವುದು ಯಾವುದೆಂಬುದನ್ನು ವೈದ್ಯರೇ ಕೂಡಲೆ ನೋಡಿ ನಿರ್ಣಯಿಸಬೇಕು. ಮನೆಯಲ್ಲಿ ಕುಳಿತು ಊಹಿಸತಕ್ಕದ್ದಲ್ಲ.

ಈ ಕಾಯಿಲೆ ನನಗೂ ಬಂದಿತ್ತು. ವೈದ್ಯರು ಮಾತ್ರೆಗಳನ್ನು ಬರೆದುಕೊಟ್ಟರು; ರಾತ್ರಿ ಕಣ್ಣಿಗೆ ಮುಲಾಮು ಹಾಕಿ ರೆಪ್ಪೆಯನ್ನು ಪಟ್ಟಿಯಿಂದ ಅಂಟಿಸಿ ಮಲಗಬೇಕೆಂದರು; ಕೆಲವು ದಿನಗಳ ಮೇಲೆ ಫಿಸಿಯೋಥೆರಪಿಯ ಕೋಣೆಗೆ ಕಳುಹಿಸಿದರು. ಅಲ್ಲಿನ ಭಾಷೆಯಲ್ಲಿ ಇದಕ್ಕೆ 'ಕರೆಂಟ್ ಕೊಡುವುದು' ಎಂದು ಹೆಸರು. ಕತ್ತಿನ ಹಿಂದೆ ಒದ್ದೆ ಬಟ್ಟೆ ಸುತ್ತಿದ ಒಂದು ಬಿಲ್ಲೆಯನ್ನು ಇಡುತ್ತಾರೆ. ಪೆನ್ನಿನಂತಹ ಇನ್ನೊಂದು ಕಡ್ಡಿಯ ತುದಿಯನ್ನು ಮುಖದ ಮೇಲೆ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾರೆ. ಹುಬ್ಬಿನ ಮೇಲೆ ಮುಟ್ಟಿಸಿದರೆ ಹುಬ್ಬು ಹಾರುತ್ತದೆ. ಕಣ್ಣಿನ ಬದಿಗೆ ಮುಟ್ಟಿಸಿದರೆ ರೆಪ್ಪೆ ಅದುರುತ್ತದೆ. ಕೆನ್ನೆಯ ಮೂಳೆಯ ಕೆಳಗೆ ಮುಟ್ಟಿಸಿದರೆ ಬಾಯಿಯ ಮೂಲೆ ಮೇಲಕ್ಕೆ ಜಗ್ಗುತ್ತದೆ. ಸೂಜಿ ಚುಚ್ಚಿದ ಹಾಗೆ ಸಣ್ಣ ಉರಿ, ನಾಲಿಗೆಯ ಮೇಲೆ ತಾಮ್ರದ ರುಚಿ. ಒಂದೊಂದು ಜಾಗಕ್ಕೆ ಮೂವತ್ತು ಸಲ, ಮತ್ತೆ ಮೂವತ್ತು ಸಲ.

"ಈಗ ನೀವೂ ಜೊತೆಗೆ ನಗೋದಕ್ಕೆ ಪ್ರಯತ್ನ ಮಾಡಿ, ಸಾರ್," ಎಂದರು ಚಿಕಿತ್ಸೆ ಕೊಡುತ್ತಿದ್ದ ಹುಡುಗಿ.

"ಅಲ್ಲಮ್ಮ, ನಗು ಬರುವಂಥದು ಏನಾದರೂ ಹೇಳಿದರಲ್ಲವೆ ನಗುವುದು?"

"ನಗು ಬರೋದು ಬೇಡ ಸಾರ್, ಸ್ನಾಯು ಬಂದರೆ ಸಾಕು."

ಆಕೆ ತಮಾಷೆಗೆ ಹೇಳಿದ್ದಲ್ಲ. ತನ್ನ ಕೆಲಸದ ಮಾತು ಹೇಳಿದ್ದಷ್ಟೆ. ಆದರೆ ಆ ಮಾತಿನಲ್ಲಿ ಒಂದು ಹಳೆಯ ತತ್ತ್ವಪ್ರಶ್ನೆ ಅಡಗಿತ್ತು. ನಗು ಬಾರದೆ ಸ್ನಾಯು ಮಾತ್ರ ಬಂದರೆ ಅದು ಯಾರ ನಗು?

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಮುಂಚೆ, ಇದಕ್ಕೆ ಒಡಹುಟ್ಟಿದ ಇನ್ನೊಂದನ್ನು ಮುಗಿಸಿಬಿಡಬೇಕು: ವಾಸಿಯಾದರೆ ಆ ಕೀರ್ತಿ ಯಾರದು? ಹಲವು ದಿನಗಳ ಮೇಲೆ ನಾನು ಆಕೆಯನ್ನು ಹಾಗೆಯೇ ಕೇಳಿದೆ. "ನರ ತಾನಾಗಿ ಬರಬೇಕು ಸಾರ್. ಅದು ಬರೋ ತನಕ ಸ್ನಾಯು ಸೋಲದೆ ಇರಲಿ ಅಂತ ಇದು," ಎಂಬ ಉತ್ತರ ಬಂತು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಕಷ್ಟ. ಡೆನ್ಮಾರ್ಕಿನ ಪೈಟರ್ಸನ್ ಎಂಬ ವೈದ್ಯರು ಔಷಧವಿಲ್ಲದೆಯೇ ಬಿಟ್ಟ ರೋಗಿಗಳನ್ನು ಬಹುಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಈ ಬಗೆಯ 1,701 ರೋಗಿಗಳಲ್ಲಿ ನೂರಕ್ಕೆ 71ರಷ್ಟು ಮಂದಿಯ ಮುಖ ಪೂರ್ತಿ ಸರಿಹೋಗಿತ್ತು. 2007ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಬೇಗ ಆರಂಭಿಸಿದವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ನೂರಕ್ಕೆ 94 ಮಂದಿ ಗುಣವಾಗಿದ್ದರು. ಅದನ್ನು ತೆಗೆದುಕೊಳ್ಳದವರಲ್ಲಿ ಸುಮಾರು 82. ವಿದ್ಯುತ್ತಿನ ವಿಷಯಕ್ಕೆ ಬಂದರೆ, ಆವರೆಗಿನ ಪರೀಕ್ಷೆಗಳನ್ನೆಲ್ಲ ಒರೆಗೆ ಹಚ್ಚಿದ 2011ರ ಕಾಕ್ರೇನ್ ವಿಮರ್ಶೆಗೆ ಅದರಿಂದ ಹೆಚ್ಚಿನ ಪ್ರಯೋಜನವಿದೆ ಎನ್ನುವುದಕ್ಕೆ ಗಟ್ಟಿಯಾದ ಪುರಾವೆ ಸಿಗಲಿಲ್ಲ.

ಕಪ್ಪೆಗಳಿಗೆ ಮದುವೆ ಮಾಡಿಸಿದ ಮೇಲೆ ಮಳೆ ಬಂದರೆ ಕೀರ್ತಿ ಕಪ್ಪೆಗೆ ಸಲ್ಲುವುದು ನಮ್ಮ ಹಳ್ಳಿಗಳಲ್ಲಿ ಉಂಟು. ಮಳೆ ಹೇಗೂ ಬರುವ ಕಾಲವಾಗಿತ್ತೆಂದು ಯಾರೂ ಹೇಳುವುದಿಲ್ಲ. ತಾನಾಗಿ ವಾಸಿಯಾಗುವ ಕಾಯಿಲೆಗಳಲ್ಲಿ ಚಿಕಿತ್ಸಕನಿಗೆ ಇದೇ ಆಮಿಷ: ಮಳೆಯ ಕೀರ್ತಿಯನ್ನು ತನ್ನ ಕಪ್ಪೆಗೆ ಕೊಟ್ಟುಕೊಳ್ಳುವುದು. ರೋಗಿಗೂ ಸುಮ್ಮನೆ ಕಾಯುವುದು ಕಷ್ಟ. ಏನಾದರೂ ಮಾಡಿಸಿಕೊಳ್ಳುತ್ತಿದ್ದೇನೆ ಎಂಬುದೇ ಒಂದು ಸಮಾಧಾನ. ಆ ಸಮಾಧಾನವನ್ನು ಕೊಡುವುದು ತಪ್ಪಲ್ಲ, ಅದಕ್ಕೆ ಸುಳ್ಳಿನ ಬೆಲೆ ತೆರದಿದ್ದರೆ. 'ಇದರಿಂದಲೇ ಗುಣ' ಎನ್ನುವವನಿಗೂ 'ನರ ತಾನಾಗಿ ಬರಬೇಕು' ಎನ್ನುವವಳಿಗೂ ಯಂತ್ರ ಒಂದೇ, ನೀತಿ ಬೇರೆ.

ಇನ್ನು ನಗುವಿನ ಪ್ರಶ್ನೆ. ಇದನ್ನು ಯಂತ್ರವನ್ನು ಮುಂದಿಟ್ಟುಕೊಂಡು ಮೊದಲು ಕೇಳಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ವೈದ್ಯ ಡ್ಯುಷೆನ್. ಆತ 1806ರಲ್ಲಿ ಬುಲೋನ್ ಎಂಬ ಕಡಲ ತೀರದ ಊರಿನಲ್ಲಿ ಹುಟ್ಟಿದವನು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ಅಲ್ಲಿ ಅವನಿಗೆ ಒಬ್ಬ ಹಲ್ಲಿಲ್ಲದ ಮುದುಕ ಸಿಕ್ಕಿದ. ಆ ಮುದುಕನ ಮುಖದ ಚರ್ಮಕ್ಕೆ ಸ್ಪರ್ಶಜ್ಞಾನ ಹೆಚ್ಚುಕಡಮೆ ಹೋಗಿದ್ದುದರಿಂದ ವಿದ್ಯುತ್ತು ತಗುಲಿದರೂ ಅವನಿಗೆ ನೋವಾಗುತ್ತಿರಲಿಲ್ಲ. ಡ್ಯುಷೆನ್ ಅವನ ಮುಖದ ಒಂದೊಂದೇ ಸ್ನಾಯುವನ್ನು ವಿದ್ಯುತ್ತಿನಿಂದ ಎಬ್ಬಿಸಿ, ಭಯ, ಕೋಪ, ದುಃಖ, ನಗು ಎಂದು ಒಂದೊಂದು ಭಾವವನ್ನು ಬರೆಸಿ, ಆಗತಾನೆ ಬಂದಿದ್ದ ಫೋಟೋಗ್ರಫಿಯಿಂದ ಅವನ್ನು ಹಿಡಿದಿಟ್ಟು 1862ರಲ್ಲಿ ಪುಸ್ತಕ ಮಾಡಿದ. ಮುದುಕನ ಮನಸ್ಸಿನಲ್ಲಿ ಭಯವಿಲ್ಲ, ಮುಖದಲ್ಲಿ ಭಯವಿದೆ! ಒಳಗಿನದನ್ನು ಹೊರಗಿನದು ತೋರಿಸುತ್ತದೆಯೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕೆ?

ಆದರೆ ನಗುವಿನ ಮುಂದೆ ಡ್ಯುಷೆನ್ ಒಂದು ಕ್ಷಣ ನಿಂತ. ಬಾಯಿಯ ಮೂಲೆಯನ್ನು ಎತ್ತುವ ಸ್ನಾಯುವನ್ನು ಎಬ್ಬಿಸಿದರೆ ಬಾಯಿ ನಕ್ಕಿತು, ಮುಖ ನಗಲಿಲ್ಲ. ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಕೂಡಿಕೊಳ್ಳುತ್ತದೆ. ಬಾಯಿಯ ಸ್ನಾಯು ಇಚ್ಛೆಗೆ ವಿಧೇಯ. ಕಣ್ಣಿನದು ಹೃದಯಕ್ಕೆ ಮಾತ್ರ ವಿಧೇಯ ಎಂಬುದು ಅವನ ಸಿದ್ಧಾಂತವಾಯಿತು. 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಮತ್ತು ಅವರ ಜೊತೆಗಾರರು ಈ ಕಣ್ಣು ಕೂಡಿದ ನಗುವಿಗೆ ಡ್ಯುಷೆನನ ಹೆಸರನ್ನೇ ಇಟ್ಟರು.

ಈ ವಿವೇಚನೆ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಕಣ್ಣು, ಹುಬ್ಬು, ಮೂಗು, ಕೆನ್ನೆ, ತುಟಿಗಳ ಚಲನೆಗಳನ್ನು ಎಣಿಸಿ ಹೇಳಿದೆ. ನಟನು ಅವನ್ನು ಅಭ್ಯಾಸದಿಂದ ಸಾಧಿಸಬಲ್ಲ. ಆದರೆ ಕಣ್ಣೀರು, ರೋಮಾಂಚ, ಕಂಪ, ವೈವರ್ಣ್ಯ ಮೊದಲಾದ ಎಂಟನ್ನು ಸಾತ್ತ್ವಿಕ ಭಾವಗಳೆಂದು ಬೇರೆಯಾಗಿ ಇಟ್ಟಿದೆ. ಮನಸ್ಸು ಅಲ್ಲಿ ನೆಟ್ಟು ನಿಂತ ಹೊರತು ಅವು ಬಾರವು. ಅಂಗದಿಂದ ಬರುವುದು ಒಂದು, ಸತ್ತ್ವದಿಂದ ಬರುವುದು ಇನ್ನೊಂದು ಎಂಬ ಈ ಭೇದವನ್ನೇ ಡ್ಯುಷೆನ್ ತನ್ನ ತಂತಿಯ ತುದಿಯಿಂದ ಮುಟ್ಟಿದ.

ಇಷ್ಟಕ್ಕೆ ನಿಂತರೆ ಉತ್ತರ ಸುಲಭ. ಕರೆಂಟಿನ ನಗು ಯಂತ್ರದ್ದು, ಬಲವಂತದ ನಗು ಇಚ್ಛೆಯದು, ಕಣ್ಣಿನಿಂದ ಬಂದ ನಗು ಹೃದಯದ್ದು. ಆದ್ದರಿಂದ ಮೂರನೆಯದು ಮಾತ್ರ ಸತ್ಯ. ಬಹು ಜನ ಇಲ್ಲಿಗೇ ನಿಲ್ಲುತ್ತಾರೆ. ನನಗೆ ನಿಲ್ಲಲಾಗಲಿಲ್ಲ, ಏಕೆಂದರೆ ಆ ದಿನಗಳಲ್ಲಿ ನನ್ನ ಬಲಗಣ್ಣಿನ ಸುತ್ತಲಿನ ಸ್ನಾಯು ಯಾವ ಸಂತೋಷಕ್ಕೂ ಅಲುಗುತ್ತಿರಲಿಲ್ಲ. ಡ್ಯುಷೆನನ ಒರೆಗಲ್ಲಿಗೆ ಹಚ್ಚಿದರೆ ನನ್ನ ಅರ್ಧ ಮುಖ ಹಗಲಿರುಳೂ ಸುಳ್ಳು ಹೇಳುತ್ತಿತ್ತು!

ಈ ಮಾತು ಬರಿಯ ತರ್ಕವಲ್ಲ. ಆ ವಾರಗಳಲ್ಲಿ ಹಳೆಯ ಸ್ನೇಹಿತರೊಬ್ಬರು ತೀರಿಕೊಂಡರು. ಮಾತಾಡಿಸಿ ಬರಲು ಅವರ ಮನೆಗೆ ಹೋದೆ. ಸೋತ ಅರ್ಧ ಮುಖ ಜೋತುಬಿದ್ದು, ಗಟ್ಟಿಯಾದ ಅರ್ಧ ಬಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ದುಃಖದಿಂದ ತುಟಿ ಬಿಗಿದಷ್ಟೂ ಆ ಕಡೆಯ ಮೂಲೆ ಮೇಲಕ್ಕೇರಿ, ನೋಡುವವರಿಗೆ ಕೊಂಕುನಗೆಯಾಗಿ ಕಾಣುತ್ತಿತ್ತು. ಊರಿನಿಂದ ಬಂದಿದ್ದ ಅವರ ನೆಂಟರೊಬ್ಬರು ನನ್ನನ್ನು ದುರುಗುಟ್ಟಿ ನೋಡಿ, ಪಕ್ಕದವರಿಗೆ, "ನಗೋ ಹೊತ್ತಾ ಇದು?" ಎಂದರು. ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಎಂದರು. ನನ್ನ ಸ್ನೇಹಿತರ ಹೆಂಡತಿ ಒಳಗಿನಿಂದ ಬಂದರು. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ನಿಮಗೂ ಮೈ ಸರಿಯಿಲ್ಲ, ಆದರೂ ಬಂದಿರಿ," ಎಂದರು. ಮುಖ ಒಂದೇ, ಒಬ್ಬರು ಅದರಲ್ಲಿ ಅಪಹಾಸ್ಯವನ್ನು ಓದಿದರು, ಇನ್ನೊಬ್ಬರು ಸಂಕಟವನ್ನು. ಇಬ್ಬರೂ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ನೋಡಿದ್ದರು.

ಹಾಗಾದರೆ ಮುಖದ ಅರ್ಥ ಮುಖದಲ್ಲಿ ಮಾತ್ರ ಇಲ್ಲವೆಂದಾಯಿತು. ಡಾರ್ವಿನ್ನನಿಗೆ ಇದು ಹೊಳೆದಿತ್ತು. ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟನೆಯನ್ನು ಕುರಿತು 1872ರಲ್ಲಿ ಬರೆದ ಗ್ರಂಥಕ್ಕೆ ಆತ ಡ್ಯುಷೆನನ ಚಿತ್ರಗಳನ್ನು ಎರವು ಪಡೆದ. ವಿದ್ಯುತ್ತಿನಿಂದ ನಗಿಸಿದ ಮುದುಕನ ಚಿತ್ರವನ್ನು ವಿವರಣೆಯಿಲ್ಲದೆ 24 ಜನರಿಗೆ ತೋರಿಸಿದ. ಮೂವರಿಗೆ ಅದು ಏನೆಂದೇ ತಿಳಿಯಲಿಲ್ಲ. ಉಳಿದವರು ನಗುವಿನ ಜಾತಿಯದೆಂದು ಗುರುತಿಸಿದರೂ ಒಬ್ಬರಿಗೆ ಅದು ದುಷ್ಟ ಚೇಷ್ಟೆ, ಒಬ್ಬರಿಗೆ ಹಲ್ಲುಗಿರಿತ, ಒಬ್ಬರಿಗೆ ನಗಲು ಪಡುವ ಶ್ರಮ. ಕೃತಕವೆಂಬುದು ಅವರಿಗೆ ಹೊಳೆಯಿತು, ಅದು ನಿಜ. ಆದರೆ ಆ ಕೃತಕತೆಯ ಹಿಂದೆ ಒಂದು ತಂತಿ ಇರಬಹುದೆಂದು ಊಹಿಸದೆ, ಒಂದು ಕೆಟ್ಟ ಮನಸ್ಸು ಇರಬಹುದೆಂದು ಊಹಿಸಿದವರೂ ಅವರಲ್ಲಿದ್ದರು. ನಮಗೆ ಅರ್ಥವಾಗದ ಮುಖಕ್ಕೆ ಮೊದಲು ದೊರೆಯುವ ಅರ್ಥ ದುಷ್ಟತನದ್ದು. ಇದು ಮುಖದ ದೋಷವಲ್ಲ, ಓದುವವರ ದೋಷ.

ಇನ್ನೊಂದು ಕಡೆಯಿಂದಲೂ ಡ್ಯುಷೆನನ ಒರೆಗಲ್ಲು ಸವೆದಿದೆ. ಕಣ್ಣಿನ ಸ್ನಾಯುವನ್ನು ಬೇಕೆಂದೇ ಕುಗ್ಗಿಸಬಲ್ಲವರು ಹಲವರಿದ್ದಾರೆಂದು ಮುಂದಿನ ಪರಿಶೀಲನೆಗಳು ತೋರಿಸಿಕೊಟ್ಟಿವೆ. ಮಿದುಳಿನ ಆಘಾತವಾದ ಕೆಲವರಲ್ಲಿ ಇನ್ನೂ ವಿಚಿತ್ರ: 'ನಗಿ' ಎಂದರೆ ಬಾಯಿಯ ಒಂದು ಕಡೆ ಅಲುಗುವುದಿಲ್ಲ, ಯಾರೋ ಹಾಸ್ಯದ ಮಾತಾಡಿದರೆ ಅದೇ ಕಡೆ ತಾನಾಗಿ ಅರಳುತ್ತದೆ. ಬೇರೆ ಕೆಲವರಲ್ಲಿ ಇದಕ್ಕೆ ವಿರುದ್ಧ. ಇಚ್ಛೆಯ ನಗುವಿಗೂ ಭಾವದ ನಗುವಿಗೂ ಮಿದುಳಿನಲ್ಲಿ ದಾರಿಗಳು ಬೇರೆ. ಎರಡೂ ಮುಖದ ನರದ ಬುಡದಲ್ಲಿ ಬಂದು ಕೂಡುತ್ತವೆ. ಆ ನರವೇ ಸೋತಾಗ ಎರಡು ದಾರಿಗಳೂ ಒಟ್ಟಿಗೆ ಮುಚ್ಚುತ್ತವೆ. ಜರ್ಮನಿಯ ವೈದ್ಯ ಮೋಬಿಯಸ್ 1888ರಲ್ಲಿ ವಿವರಿಸಿದ ಒಂದು ಅಪರೂಪದ ಸ್ಥಿತಿಯಲ್ಲಿ ಮಕ್ಕಳು ಹುಟ್ಟುವಾಗಲೇ ಮುಖದ ಎರಡೂ ಕಡೆಯ ಚಲನೆಯಿಲ್ಲದೆ ಹುಟ್ಟುತ್ತಾರೆ. ಅವರು ಜೀವಮಾನದಲ್ಲಿ ಒಂದು ಸಲವೂ ಮುಖದಿಂದ ನಕ್ಕವರಲ್ಲ. ಅವರಿಗೆ ಸಂತೋಷವೇ ಆಗಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಅವರ ನಗು ದನಿಯಲ್ಲಿದೆ, ಕೈಯಲ್ಲಿದೆ, ಕುಳಿತು ಕೇಳುವ ರೀತಿಯಲ್ಲಿದೆ. ನನ್ನ ಅಕ್ಕ ಫೋನಿನಲ್ಲಿ ನನ್ನ ಮಾತು ಕೇಳಿ, "ಏನೋ, ನಗ್ತಾ ಇದ್ದೀಯಲ್ಲ!" ಎಂದಾಗ ನನ್ನ ಮುಖದಲ್ಲಿ ಅರ್ಧ ನಗು ಮಾತ್ರ ಇತ್ತು. ಆಕೆಗೆ ಪೂರ್ತಿ ಕೇಳಿಸಿತು.

ಇಚ್ಛೆಯಿಂದ ಬಂದ ನಗು ಸುಳ್ಳೆಂಬ ಮಾತನ್ನೂ ಹಾಗೆಯೇ ಬಿಡಲಾಗದು. ಕರೆಂಟಿನ ಜೊತೆಗೆ ಮನೆಯಲ್ಲಿ ಮಾಡಲು ವ್ಯಾಯಾಮಗಳನ್ನು ಹೇಳಿಕೊಡುತ್ತಾರೆ. ಕನ್ನಡಿಯ ಮುಂದೆ ಕುಳಿತು ಹುಬ್ಬೇರಿಸಬೇಕು, ಕಣ್ಣು ಮುಚ್ಚಬೇಕು, ಸಿಳ್ಳು ಹಾಕಬೇಕು, ನಗಬೇಕು. ಅವಸರಪಡಬಾರದು, ಮೆಲ್ಲಗೆ, ಎರಡು ಕಡೆಯೂ ಸಮವಾಗುವಷ್ಟೇ. ಬೆರಳಿನಿಂದ ಸೋತ ಕೆನ್ನೆಯನ್ನು ಆತು ಹಿಡಿದು ನಗುವ ಒಬ್ಬ ಮನುಷ್ಯನನ್ನು ನೆನೆಯಿರಿ. ಒಳಗೆ ಹರ್ಷವಿಲ್ಲ, ಬದಲಿಗೆ ಬೇಸರವಿದೆ, ಭಯವಿದೆ. ಆದರೂ ನಗುತ್ತಾನೆ. ಏತಕ್ಕೆ? ಮತ್ತೆ ಒಂದು ದಿನ ಬಾಗಿಲಿಗೆ ಬಂದವರನ್ನು ನಕ್ಕು ಬರಮಾಡಿಕೊಳ್ಳಬೇಕು, ಮೊಮ್ಮಗು ಹೆದರದೆ ತೊಡೆಯೇರಬೇಕು ಎಂಬುದಕ್ಕೆ. ಇದನ್ನು ಸುಳ್ಳೆನ್ನುವುದು ಹೇಗೆ? ನಮ್ಮ ಮನೆಗಳಲ್ಲಿ ದಿನವೂ ನಡೆಯುವುದು ಇದೇ. ಕಚೇರಿಯಲ್ಲಿ ಬೈಸಿಕೊಂಡು ಬಂದ ತಂದೆ ಮಗುವಿನ ಮುಂದೆ ನಗುತ್ತಾನೆ. ಜ್ವರದಿಂದ ಬಳಲಿದ ತಾಯಿ ಅತಿಥಿಗೆ ಕಾಫಿ ಕೊಡುತ್ತ ನಗುತ್ತಾಳೆ. ಅವರ ಕಣ್ಣಿನ ಸ್ನಾಯು ಕೂಡಿಕೊಂಡಿತೇ ಎಂದು ಅಳೆಯುವುದು ಕೃತಘ್ನತೆ. ಸ್ವಾರ್ಥಕ್ಕಾಗಿ ನಗುವ ವಂಚಕನ ನಗುವೂ ಇಚ್ಛೆಯದೇ, ಸಂದೇಹವಿಲ್ಲ. ಆದರೆ ಅವನ ಅಪರಾಧ ಇರುವುದು ಉದ್ದೇಶದಲ್ಲಿ, ಸ್ನಾಯುವಿನಲ್ಲಿ ಅಲ್ಲ. ಮುಖದಾಕ್ಷಿಣ್ಯವೆಂಬ ಮಾತನ್ನು ನಾವು ದೌರ್ಬಲ್ಯವೆಂದು ಹಳಿಯುತ್ತೇವೆ. ಎದುರಿಗಿರುವ ಮುಖಕ್ಕೆ ನೋವಾಗದಿರಲೆಂದು ನಮ್ಮ ಮುಖವನ್ನು ತಿದ್ದಿಕೊಳ್ಳುವುದರಲ್ಲಿ ಒಂದು ಧರ್ಮವೂ ಇದೆ.

ನರ ಮರಳಿ ಬಂದ ಮೇಲೂ ಈ ಪಾಠ ಮುಗಿಯುವುದಿಲ್ಲ. ನರದ ಎಳೆಗಳು ಪೂರ್ತಿ ಸತ್ತಿದ್ದರೆ ಅವು ಮತ್ತೆ ಬೆಳೆಯಬೇಕು. ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪುತ್ತವೆ. ಬಾಯಿಗೆ ಹೋಗಬೇಕಾದುದು ಕಣ್ಣಿಗೆ ಹೋಗುತ್ತದೆ. ಆ ಮನುಷ್ಯ ನಕ್ಕರೆ ಕಣ್ಣು ತಾನಾಗಿ ಮುಚ್ಚುತ್ತದೆ. ಎಂಜಲಿನ ಗ್ರಂಥಿಗೆ ಹೋಗಬೇಕಾದುದು ಕಣ್ಣೀರಿನ ಗ್ರಂಥಿಗೆ ಹೋದರೆ ಊಟಕ್ಕೆ ಕುಳಿತಾಗ ಒಂದು ಕಣ್ಣಿನಿಂದ ನೀರು ಸುರಿಯುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿರುವ ಹೆಸರು ಮೊಸಳೆ ಕಣ್ಣೀರು! ಕಪಟಕ್ಕೆ ಲೋಕವಿಟ್ಟ ಹೆಸರನ್ನು ಒಂದು ನಿರಪರಾಧಿಯಾದ ಕಣ್ಣು ಹೊರಬೇಕಾಯಿತು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತ ಕಣ್ಣೀರು ಸುರಿಸುವವನನ್ನು ಕಂಡು ಪಕ್ಕದವರು ಏನೇನು ಕಥೆ ಕಟ್ಟಬಹುದು! ಸಾತ್ತ್ವಿಕ ಭಾವಗಳಲ್ಲಿ ಒಂದಾದ ಅಶ್ರುವೂ ಹೀಗೆ ಬರಿಯ ನರದ ಜೋಡಣೆಯಿಂದ ಬರಬಹುದೆಂದ ಮೇಲೆ, ಒಳಗಿನದಕ್ಕೆ ಹೊರಗಿನದು ತಪ್ಪದ ಸಾಕ್ಷಿಯೆಂಬ ಮಾತನ್ನು ನಾವು ಸ್ವಲ್ಪ ಮೆತ್ತಗೆ ಆಡುವುದು ಒಳ್ಳೆಯದು.

ಹಾಗೆಂದು ಮುಖವನ್ನು ನಂಬಲೇಬಾರದೆಂದು ನನ್ನ ವಾದವಲ್ಲ. ನಂಬದೆ ಬದುಕು ನಡೆಯದು. ಹೇಳಬೇಕಾದುದಿಷ್ಟೆ: ಮುಖ ಸಾಕ್ಷಿ ನುಡಿಯುತ್ತದೆ, ತೀರ್ಪು ಕೊಡುವುದಿಲ್ಲ. ಸಾಕ್ಷಿಯನ್ನು ಕೇಳುವವನಿಗೆ ಸಾಕ್ಷಿಯ ಸ್ಥಿತಿಯನ್ನು ವಿಚಾರಿಸುವ ಹೊಣೆಯಿದೆ. ಬಸ್ಸಿನಲ್ಲಿ ನಮ್ಮ ನಮಸ್ಕಾರಕ್ಕೆ ನಗದೆ ಹೋದವರು, ನಮ್ಮ ದುಃಖದ ಮನೆಯಲ್ಲಿ ತುಟಿ ಕೊಂಕಿಸಿದವರು, ನಮ್ಮ ಒಳ್ಳೆಯ ಸುದ್ದಿಗೆ ಕಲ್ಲಿನಂತೆ ಕುಳಿತವರು—ಇವರಲ್ಲಿ ಎಷ್ಟು ಮಂದಿಯ ಮೇಲೆ ನಾವು ವಿಚಾರಣೆಯಿಲ್ಲದೆ ತೀರ್ಪು ಬರೆದಿಟ್ಟುಕೊಂಡಿದ್ದೇವೆ! ಅವರಲ್ಲಿ ಕೆಲವರ ನರ ಸೋತಿರಬಹುದು. ಹೆಚ್ಚಿನವರ ಮನಸ್ಸು ಸೋತಿರಬಹುದು. ಎರಡನೆಯ ಸೋಲಿಗೆ ಕರೆಂಟು ಕೊಡುವ ಕೋಣೆಗಳಿಲ್ಲ.

ನಗು ಯಾರದು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಹೀಗಿದೆ. ಸ್ನಾಯುವಿನ ಸೆಳೆತ ವಿದ್ಯುತ್ತಿನದಾಗಬಹುದು, ಇಚ್ಛೆಯದಾಗಬಹುದು, ಹೃದಯದ್ದಾಗಬಹುದು. ಅದು ನಗುವಾಗುವುದು ಮಾತ್ರ ಕೊಡುವವನೊಬ್ಬ, ಕೊಂಡು ಅರಿಯುವವನೊಬ್ಬ ಇದ್ದಾಗ. ಯಂತ್ರದ ಎಳೆತದಲ್ಲಿ ಕೊಡುವವನಿಲ್ಲ, ಆದ್ದರಿಂದ ಅದು ನಗುವಲ್ಲ. ಸೊಟ್ಟ ಬಾಯಿಯ ಅರ್ಧ ನಗುವಿನಲ್ಲಿ ಕೊಡುವವನಿದ್ದಾನೆ. ಅದರ ಉಳಿದರ್ಧವನ್ನು ನೋಡುವವರೇ ತುಂಬಿಕೊಳ್ಳಬೇಕು. ಅಷ್ಟು ಮಾಡಿದರೆ ನಗು ಪೂರ್ತಿಯಾಗುತ್ತದೆ.